ಅಮೆರಿಕದ ಕಾಲೇಜು ಪ್ರವೇಶದಲ್ಲಿ ಸ್ಯಾಟ್, ಎಸಿಟಿ ಮತ್ತೆ ಕಡ್ಡಾಯವಾದುದು

ಸ್ಯಾಟ್ ಮತ್ತು ಎಸಿಟಿ ಅಮೆರಿಕದಲ್ಲಿ ಹೈಸ್ಕೂಲು ಮುಗಿಸಿ ಪದವಿ ತರಗತಿಗೆ ಸೇರಬಯಸುವವರು ಬರೆಯುವ ಪ್ರಮಾಣೀಕೃತ ಪರೀಕ್ಷೆಗಳು. ದೇಶದ ಯಾವ ಮೂಲೆಯ ಶಾಲೆಯಲ್ಲಿ ಓದಿದವರಿಗೂ ಒಂದೇ ಮಟ್ಟದ ಪ್ರಶ್ನೆ, ಒಂದೇ ಅವಧಿ, ಒಂದೇ ಅಳತೆ ಎಂಬುದು ಇವುಗಳ ಲಕ್ಷಣ. 2020ರಲ್ಲಿ ಕೋವಿಡ್ ಹರಡಿ ಪರೀಕ್ಷಾ ಕೇಂದ್ರಗಳು ಬಾಗಿಲು ಹಾಕಿದಾಗ ಅಲ್ಲಿನ ಬಹುಪಾಲು ಕಾಲೇಜುಗಳು ಈ ಅಂಕಗಳನ್ನು ಕೇಳುವುದನ್ನು ಬಿಟ್ಟವು. ಎರಡು ವರ್ಷ ಕಳೆಯುವಷ್ಟರಲ್ಲಿ, ಪ್ರವೇಶ ಸಿಗುವುದು ತೀರ ಕಷ್ಟವಾದ ಕೆಲವು ವಿಶ್ವವಿದ್ಯಾಲಯಗಳು ಅದೇ ಅಂಕಗಳನ್ನು ಮತ್ತೆ ಕಡ್ಡಾಯ ಮಾಡತೊಡಗಿದವು. 2022ರಲ್ಲಿ ಮೆಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ (ಎಂಐಟಿ), 2024ರಲ್ಲಿ ಡಾರ್ಟ್‌ಮತ್, ಯೇಲ್, ಬ್ರೌನ್, ಹಾರ್ವರ್ಡ್, ಕಾರ್ನೆಲ್, ಕ್ಯಾಲ್‌ಟೆಕ್, ಸ್ಟ್ಯಾನ್‌ಫರ್ಡ್, ಜಾನ್ಸ್ ಹಾಪ್ಕಿನ್ಸ್, 2025ರಲ್ಲಿ ಪೆನ್ಸಿಲ್ವೇನಿಯಾ ಮತ್ತು ಪ್ರಿನ್ಸ್‌ಟನ್ ಈ ದಾರಿ ಹಿಡಿದವು. ಸಂಖ್ಯೆಯಲ್ಲಿ ಇದು ಸಣ್ಣ ಗುಂಪು. ನಾಲ್ಕು ವರ್ಷದ ಪದವಿ ನೀಡುವ ಕಾಲೇಜುಗಳಲ್ಲಿ ಶೇ. 80ಕ್ಕೂ ಹೆಚ್ಚಿನವು ಈ ಅಂಕಗಳನ್ನು ಈಗಲೂ ಕಡ್ಡಾಯವಾಗಿ ಕೇಳುವುದಿಲ್ಲ. ಆದರೂ ದೇಶದ ಗಮನವೆಲ್ಲ ಈ ಗುಂಪಿನ ಮೇಲೆ ನೆಟ್ಟಿದೆ. ಏಕೆಂದರೆ ಅಧಿಕಾರಕ್ಕೆ, ದೊಡ್ಡ ಸಂಬಳಕ್ಕೆ, ಸಂಶೋಧನೆಗೆ ಹೋಗುವ ದಾರಿಗಳಲ್ಲಿ ಹಲವು ಈ ಕೆಲವೇ ಅಂಗಳಗಳನ್ನು ಹಾದುಹೋಗುತ್ತವೆ.

ಕರ್ನಾಟಕದ ಓದುಗರು ಇದನ್ನು ಸಿಇಟಿ ಅಥವಾ ನೀಟ್‌ನಂತೆಯೇ ಎಂದುಕೊಂಡರೆ ವಿಷಯ ತಪ್ಪಿಹೋಗುತ್ತದೆ. ನಮ್ಮಲ್ಲಿ ಪ್ರವೇಶ ಪರೀಕ್ಷೆಯ ಅಂಕ ರ‍್ಯಾಂಕ್ ಆಗುತ್ತದೆ, ರ‍್ಯಾಂಕ್ ಸೀಟಾಗುತ್ತದೆ. ಎಂಜಿನಿಯರಿಂಗ್‌ಗೆ ಪಿಯುಸಿ ಅಂಕವನ್ನೂ ಸಿಇಟಿ ಅಂಕವನ್ನೂ ಅರ್ಧರ್ಧ ಸೇರಿಸುವ ಲೆಕ್ಕ ಮೊದಲೇ ಗೊತ್ತಿರುತ್ತದೆ. ಅಮೆರಿಕದ ಆಯ್ದ ಕಾಲೇಜುಗಳಲ್ಲಿ ಅಂಥ ಸೂತ್ರವಿಲ್ಲ, ಕೌನ್ಸೆಲಿಂಗ್ ಇಲ್ಲ, ಪ್ರಕಟಿತ ಕಟ್‌ಆಫ್ ಇಲ್ಲ. ಪ್ರತಿ ಅರ್ಜಿಯೂ ಒಂದು ಕಡತ. ಹೈಸ್ಕೂಲಿನ ನಾಲ್ಕು ವರ್ಷದ (ನಮ್ಮ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗಿನ) ದರ್ಜೆಗಳು, ವಿದ್ಯಾರ್ಥಿಯ ಪ್ರಬಂಧಗಳು, ಶಿಕ್ಷಕರ ಶಿಫಾರಸು ಪತ್ರಗಳು, ಆಟ, ಸಂಗೀತ, ಸೇವೆಗಳ ಪಟ್ಟಿ, ಜೊತೆಗೆ ಪರೀಕ್ಷೆಯ ಅಂಕ ಅದರಲ್ಲಿರುತ್ತವೆ. ಪ್ರವೇಶ ಕಚೇರಿಯವರು ಅದನ್ನು ಓದಿ ತೀರ್ಮಾನಿಸುತ್ತಾರೆ. ಆದ್ದರಿಂದ ಅಲ್ಲಿ ‘ಪರೀಕ್ಷೆ ಕಡ್ಡಾಯ’ ಎಂದರೆ ಪರೀಕ್ಷೆಯೇ ತೀರ್ಪುಗಾರ ಎಂದಲ್ಲ, ಕಡತದಲ್ಲಿ ಆ ಒಂದು ಹಾಳೆ ಇರಲೇಬೇಕು ಎಂದಷ್ಟೇ. ಆ ಹಾಳೆ ಇದ್ದರೆ ಯಾರಿಗೆ ಲಾಭ, ಇಲ್ಲದಿದ್ದರೆ ಯಾರಿಗೆ ಎಂಬುದೇ ಇಡೀ ವಿವಾದ.

ಪರೀಕ್ಷೆಗಳ ಹುಟ್ಟು

ಕಾಲೇಜು ಬೋರ್ಡ್ ಎಂಬ ಸಂಸ್ಥೆ 1900ರಲ್ಲಿ ಹುಟ್ಟಿತು. ಪೂರ್ವ ಕರಾವಳಿಯ ಕಾಲೇಜುಗಳು ಬೇರೆ ಬೇರೆಯಾಗಿ ನಡೆಸುತ್ತಿದ್ದ ಪ್ರವೇಶ ಪರೀಕ್ಷೆಗಳನ್ನು ಒಂದು ಮಾಡುವುದು ಅದರ ಉದ್ದೇಶವಾಗಿತ್ತು. ಮೊದಲ ಪರೀಕ್ಷೆಗಳಲ್ಲಿ ಪ್ರಬಂಧ ರೂಪದ ಉತ್ತರ ಬರೆಯಬೇಕಿತ್ತು. ಒಂದನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರಿಗೆ ಕೊಟ್ಟ ಬುದ್ಧಿಮತ್ತೆ ಪರೀಕ್ಷೆಗಳಲ್ಲಿ ದುಡಿದಿದ್ದ ಪ್ರಿನ್ಸ್‌ಟನ್‌ನ ಮನಶ್ಶಾಸ್ತ್ರಜ್ಞ ಕಾರ್ಲ್ ಬ್ರಿಗಮ್ ಅದೇ ಜಾಡಿನಲ್ಲಿ ಹೊಸ ಪರೀಕ್ಷೆಯೊಂದನ್ನು ರೂಪಿಸಿದ. 1926ರ ಜೂನ್‌ನಲ್ಲಿ ಸುಮಾರು 8,000 ವಿದ್ಯಾರ್ಥಿಗಳು ಬರೆದ ಆ ಪರೀಕ್ಷೆಯೇ ಮೊದಲ ಸ್ಯಾಟ್. ಬ್ರಿಗಮ್ 1923ರ ತನ್ನ ಪುಸ್ತಕದಲ್ಲಿ ಉತ್ತರ ಯುರೋಪಿನ ಮೂಲದವರು ಹುಟ್ಟಿನಿಂದಲೇ ಹೆಚ್ಚು ಬುದ್ಧಿವಂತರು ಎಂದು ವಾದಿಸಿದ್ದ. 1930ರಲ್ಲಿ ಆ ವಾದವನ್ನು ತಾನೇ ಹಿಂತೆಗೆದುಕೊಂಡ. ಪರೀಕ್ಷೆಯನ್ನು ವಿರೋಧಿಸುವವರು ಈ ಹುಟ್ಟನ್ನು ಮರೆಯುವುದಿಲ್ಲ. ಮರೆಯಬೇಕಾಗಿಯೂ ಇಲ್ಲ.

ಅದೇ ಪರೀಕ್ಷೆಗೆ ಇನ್ನೊಂದು ಚರಿತ್ರೆಯೂ ಇದೆ. 1933ರಲ್ಲಿ ಹಾರ್ವರ್ಡ್‌ನ ಅಧ್ಯಕ್ಷನಾದ ಜೇಮ್ಸ್ ಬ್ರಯಂಟ್ ಕೊನಂಟ್‌ಗೆ ತನ್ನ ವಿಶ್ವವಿದ್ಯಾಲಯ ಶ್ರೀಮಂತ ಮನೆತನಗಳ ಹುಡುಗರ ತಂಗುದಾಣವಾಗಿದೆ ಎಂಬ ಕಳವಳವಿತ್ತು. ದೇಶದ ಒಳನಾಡಿನ ಸಾಮಾನ್ಯ ಶಾಲೆಗಳಲ್ಲಿ ಓದಿದ ಪ್ರತಿಭಾವಂತರಿಗೆ ವಿದ್ಯಾರ್ಥಿವೇತನ ಕೊಡಲು ಆತ ಮುಂದಾದ. ಹೆಸರು ಕೇಳದ ಊರಿನ, ಹೆಸರು ಕೇಳದ ಶಾಲೆಯ ಹುಡುಗನನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆ ಬಂದಾಗ ಅವನ ಸಹಾಯಕ ಹೆನ್ರಿ ಚೌನ್ಸಿ ಆರಿಸಿಕೊಂಡದ್ದು ಸ್ಯಾಟ್ ಅನ್ನು. 1947ರಲ್ಲಿ ಪರೀಕ್ಷೆಗಳನ್ನು ನಡೆಸಲೆಂದೇ ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್ ಸ್ಥಾಪನೆಯಾದಾಗ ಚೌನ್ಸಿ ಅದರ ಮೊದಲ ಅಧ್ಯಕ್ಷನಾದ. ಹೀಗೆ ಬಾಗಿಲು ಮುಚ್ಚುವ ತತ್ತ್ವದಿಂದ ಹುಟ್ಟಿದ ಪರೀಕ್ಷೆ ಬಾಗಿಲು ತೆರೆಯುವ ಸಾಧನವೂ ಆಯಿತು. ನೂರು ವರ್ಷದ ವಾದವಿವಾದವೆಲ್ಲ ಈ ಎರಡು ಮುಖಗಳ ನಡುವಿನದು.

ಎಸಿಟಿ 1959ರಲ್ಲಿ ಅಯೋವಾದಲ್ಲಿ ಆರಂಭವಾಯಿತು. ಅಲ್ಲಿನ ಪ್ರಾಧ್ಯಾಪಕ ಇ. ಎಫ್. ಲಿಂಡ್‌ಕ್ವಿಸ್ಟ್ ಹುಟ್ಟುಬುದ್ಧಿಗಿಂತ ಶಾಲೆಯಲ್ಲಿ ಕಲಿತದ್ದನ್ನು ಅಳೆಯಬೇಕೆಂದು ಒತ್ತಿದವನು. ಕ್ರಮೇಣ ಸ್ಯಾಟ್ ಕೂಡ ಅದೇ ಕಡೆ ವಾಲಿತು. ಅದರ ಹೆಸರಿನಲ್ಲಿದ್ದ ‘ಸಹಜ ಸಾಮರ್ಥ್ಯ’ ಎಂಬ ಅರ್ಥದ ಪದವನ್ನು 1990ರ ದಶಕದಲ್ಲಿ ಕೈಬಿಡಲಾಯಿತು; ಈಗ ಆ ಮೂರು ಅಕ್ಷರಗಳಿಗೆ ವಿಸ್ತರಣೆಯೇ ಇಲ್ಲ. ಸ್ಯಾಟ್‌ನ ಗರಿಷ್ಠ ಅಂಕ 1600, ಎಸಿಟಿಯದು 36. ಸ್ಯಾಟ್‌ನ ಸರಾಸರಿ 1000ದ ಆಸುಪಾಸಿನಲ್ಲಿರುತ್ತದೆ. 2024ರಿಂದ ಅಮೆರಿಕದಲ್ಲಿ ಸ್ಯಾಟ್ ಪೂರ್ತಿ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಓದು–ಬರಹ ಮತ್ತು ಗಣಿತ ಎಂಬ ಎರಡು ಭಾಗ, 98 ಪ್ರಶ್ನೆ, 2 ಗಂಟೆ 14 ನಿಮಿಷ. ಪ್ರತಿ ಭಾಗದಲ್ಲಿ ಎರಡು ಕಂತುಗಳಿದ್ದು, ಮೊದಲ ಕಂತನ್ನು ಹೇಗೆ ಬರೆದರೆಂಬುದನ್ನು ನೋಡಿ ಎರಡನೆಯ ಕಂತಿನ ಪ್ರಶ್ನೆಗಳು ಕಷ್ಟದವೋ ಸುಲಭದವೋ ಎಂಬುದು ನಿಗದಿಯಾಗುತ್ತದೆ.

ಐಚ್ಛಿಕಗೊಳಿಸುವ ಚಳವಳಿ

ಕೋವಿಡ್‌ಗೆ ಐವತ್ತು ವರ್ಷ ಮೊದಲೇ, 1969ರಲ್ಲಿ, ಮೇನ್ ರಾಜ್ಯದ ಬೋಡನ್ ಕಾಲೇಜು ಪರೀಕ್ಷೆಯ ಅಂಕವನ್ನು ಕೊಟ್ಟರೆ ಕೊಡಿ, ಬಿಟ್ಟರೆ ಬಿಡಿ ಎಂದಿತ್ತು. 1984ರಲ್ಲಿ ಅದೇ ರಾಜ್ಯದ ಬೇಟ್ಸ್ ಕಾಲೇಜು ಹಿಂಬಾಲಿಸಿತು. 1985ರಲ್ಲಿ ಆರಂಭವಾದ ಫೇರ್‌ಟೆಸ್ಟ್ ಎಂಬ ಸಂಘಟನೆ ಈ ನೀತಿಯ ಪರವಾಗಿ ಪ್ರಚಾರ ನಡೆಸುತ್ತ ಬಂದಿದೆ. ಬೇಟ್ಸ್‌ನಲ್ಲಿ ಪ್ರವೇಶ ವಿಭಾಗದ ಮುಖ್ಯಸ್ಥನಾಗಿದ್ದ ವಿಲಿಯಂ ಹಿಸ್ 2014ರಲ್ಲಿ 33 ಸಂಸ್ಥೆಗಳ ದಾಖಲೆಗಳನ್ನು ಸೇರಿಸಿ ಒಂದು ಅಧ್ಯಯನ ಪ್ರಕಟಿಸಿದ. ಅಂಕ ಸಲ್ಲಿಸಿದವರ ಮತ್ತು ಸಲ್ಲಿಸದವರ ಕಾಲೇಜು ದರ್ಜೆಗಳ ನಡುವಿನ ಅಂತರ ಗರಿಷ್ಠ 4ರ ಅಳತೆಯಲ್ಲಿ 0.05ರಷ್ಟು ಮಾತ್ರ ಎಂದು ಅದು ತೋರಿಸಿತು. ಸಣ್ಣ ತರಗತಿಗಳ, ವಿದ್ಯಾರ್ಥಿಯನ್ನು ಹತ್ತಿರದಿಂದ ನೋಡುವ ಕಾಲೇಜುಗಳಿಗೆ ಈ ಫಲಿತಾಂಶ ನೆಮ್ಮದಿ ಕೊಟ್ಟಿತು. 2018ರಲ್ಲಿ ಷಿಕಾಗೋ ವಿಶ್ವವಿದ್ಯಾಲಯ ಪರೀಕ್ಷೆಯನ್ನು ಐಚ್ಛಿಕ ಮಾಡಿದಾಗ ಈ ಗಾಳಿ ದೊಡ್ಡ ಸಂಶೋಧನಾ ವಿಶ್ವವಿದ್ಯಾಲಯಗಳಿಗೂ ಬೀಸಿತು.

ಪರೀಕ್ಷೆಯ ಮೇಲಿನ ಆಕ್ಷೇಪಗಳು ಹಳೆಯವು, ಗಟ್ಟಿಯಾದವು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮನೆಪಾಠ ಹೇಳುತ್ತಿದ್ದ ಸ್ಟ್ಯಾನ್ಲಿ ಕ್ಯಾಪ್ಲನ್ 1940ರ ದಶಕದಲ್ಲೇ ಸ್ಯಾಟ್‌ಗೆ ಕೋಚಿಂಗ್ ಕೊಡತೊಡಗಿದ್ದ. ದುಡ್ಡಿದ್ದವರು ತರಬೇತಿ ಕೊಂಡು ಅಂಕ ಏರಿಸಿಕೊಳ್ಳುವ ಉದ್ಯಮ ಅಲ್ಲಿಂದ ಬೆಳೆಯಿತು. ಹಾರ್ವರ್ಡ್‌ನ ರಾಜ್ ಚೆಟ್ಟಿ ಮತ್ತು ಸಂಗಡಿಗರ ಲೆಕ್ಕದಂತೆ ದೇಶದ ಅತಿ ಶ್ರೀಮಂತ ಶೇ. 1ರಷ್ಟು ಕುಟುಂಬಗಳ ಮಕ್ಕಳು, ಬಡ ಕುಟುಂಬಗಳ ಮಕ್ಕಳಿಗಿಂತ 13 ಪಟ್ಟು ಹೆಚ್ಚಾಗಿ 1300 ಮತ್ತು ಅದಕ್ಕೂ ಮೇಲಿನ ಅಂಕ ಪಡೆಯುತ್ತಾರೆ. ಪರೀಕ್ಷೆಯನ್ನು ಸಮರ್ಥಿಸುವ ಯಾರೂ ಈ ಅಂಕಿಯನ್ನು ಪಕ್ಕಕ್ಕೆ ಸರಿಸಿ ಮುಂದೆ ಹೋಗುವಂತಿಲ್ಲ. 2019ರ ಮಾರ್ಚ್‌ನಲ್ಲಿ ಬಯಲಾದ ‘ವಾರ್ಸಿಟಿ ಬ್ಲೂಸ್’ ಹಗರಣ ಇನ್ನೂ ಕಹಿಯಾದ ಸತ್ಯವನ್ನು ಹೊರಗೆ ಹಾಕಿತು. ಶ್ರೀಮಂತ ಪಾಲಕರು ದಲ್ಲಾಳಿಯ ಮೂಲಕ ಮಕ್ಕಳ ಉತ್ತರಗಳನ್ನು ಬೇರೆಯವರಿಂದ ತಿದ್ದಿಸಿದ್ದರು. ಅದೇ ಹಗರಣದಲ್ಲಿ ಆಡದ ಆಟಕ್ಕೆ ಸುಳ್ಳು ಕ್ರೀಡಾಪಟು ಪಟ್ಟವೂ ಮಾರಾಟವಾಗಿತ್ತು. ಅಂದರೆ ಪರೀಕ್ಷೆ ಇಲ್ಲದ ದಾರಿಯೂ ಅಷ್ಟೇ ಹೊಲಸಾಗಿತ್ತು ಎಂಬುದನ್ನು ಆಗ ಗಮನಿಸಿದವರು ಕಡಿಮೆ.

ಕ್ಯಾಲಿಫೋರ್ನಿಯಾ

ಪರೀಕ್ಷೆಯನ್ನು ಕೈಬಿಟ್ಟ ದೊಡ್ಡ ಸಂಸ್ಥೆಗಳಲ್ಲಿ ಪ್ರಮುಖವಾದುದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಮೊದಲಾದ ಅಂಗಳಗಳನ್ನು ಒಳಗೊಂಡ ಈ ಸರಕಾರಿ ವಿಶ್ವವಿದ್ಯಾಲಯ 1968ರಿಂದ ಎಲ್ಲ ಅರ್ಜಿದಾರರಿಂದ ಸ್ಯಾಟ್ ಕೇಳುತ್ತಿತ್ತು. 2001ರಲ್ಲಿ ಅದರ ಅಧ್ಯಕ್ಷ ರಿಚರ್ಡ್ ಅಟ್ಕಿನ್‌ಸನ್, ಸ್ವತಃ ಮನಶ್ಶಾಸ್ತ್ರಜ್ಞ, ಸ್ಯಾಟ್‌ನ ಮುಖ್ಯ ಪರೀಕ್ಷೆಯನ್ನು ಬಿಡಬೇಕೆಂದ. ಖಾಸಗಿ ಶಾಲೆಯೊಂದರಲ್ಲಿ 12 ವರ್ಷದ ಮಕ್ಕಳು ಸ್ಯಾಟ್‌ಗಾಗಿ ಪದಸಾದೃಶ್ಯದ ಪ್ರಶ್ನೆಗಳನ್ನು ಅಭ್ಯಾಸ ಮಾಡುತ್ತ ಕುಳಿತದ್ದನ್ನು ಕಂಡ ಅನುಭವವನ್ನು ಆತ ಹೇಳಿಕೊಂಡ. ದೊಡ್ಡ ಗಿರಾಕಿ ಕೈತಪ್ಪುವ ಭಯದಲ್ಲಿ ಕಾಲೇಜು ಬೋರ್ಡ್ 2005ರಲ್ಲಿ ಪರೀಕ್ಷೆಯನ್ನೇ ಬದಲಿಸಿತು. ಪದಸಾದೃಶ್ಯ ಹೋಯಿತು, ಪ್ರಬಂಧ ಬಂತು.

2020ರ ಆರಂಭದಲ್ಲಿ ಆ ವಿಶ್ವವಿದ್ಯಾಲಯದ ಅಧ್ಯಾಪಕರ ಸಮಿತಿಯೊಂದು ವಿಷಯವನ್ನು ಆಳವಾಗಿ ಪರಿಶೀಲಿಸಿ ವರದಿ ಕೊಟ್ಟಿತು. ಹಿಂದಿನ ಅಧ್ಯಯನಗಳು, ಮುಖ್ಯವಾಗಿ ಸಂಶೋಧಕ ಸಾಲ್ ಗೈಸರ್‌ನವು, ಹೈಸ್ಕೂಲಿನ ದರ್ಜೆಗಳೇ ಉತ್ತಮ ಮುನ್ಸೂಚಕ ಎಂದಿದ್ದವು. ಸಮಿತಿ ಈಚಿನ ಅಂಕಿಅಂಶಗಳಲ್ಲಿ ಅದಕ್ಕೆ ಉಲ್ಟಾ ಚಿತ್ರ ಕಂಡಿತು. ಕಾಲೇಜಿನ ಮೊದಲ ವರ್ಷದ ಸಾಧನೆಯನ್ನು ಪರೀಕ್ಷೆಯ ಅಂಕಗಳು ಹೈಸ್ಕೂಲಿನ ದರ್ಜೆಗಳಿಗಿಂತ ಚೆನ್ನಾಗಿ ಸೂಚಿಸುತ್ತಿದ್ದವು, ಹಿಂದುಳಿದ ಗುಂಪುಗಳ ವಿಷಯದಲ್ಲೂ. ಇನ್ನೂ ಮುಖ್ಯವಾದ ಮಾತೆಂದರೆ, ಪ್ರವೇಶ ಕಚೇರಿಗಳು ಅಂಕವನ್ನು ಆ ವಿದ್ಯಾರ್ಥಿಯ ಶಾಲೆಯ ಹಿನ್ನೆಲೆಯಲ್ಲಿಟ್ಟು ಓದುತ್ತಿದ್ದುದರಿಂದ, ಬಡ ಶಾಲೆಯ ಮಕ್ಕಳಿಗೆ ಕಡಿಮೆ ಅಂಕಕ್ಕೂ ಪ್ರವೇಶ ಸಿಗುತ್ತಿತ್ತು. ಪರೀಕ್ಷೆಯನ್ನು ಸದ್ಯಕ್ಕೆ ಉಳಿಸಿಕೊಳ್ಳಿ ಎಂದು ಸಮಿತಿ ಹೇಳಿತು. ಆದರೆ 2020ರ ಮೇ ತಿಂಗಳಲ್ಲಿ ಆಡಳಿತ ಮಂಡಳಿ ಒಮ್ಮತದಿಂದ ಪರೀಕ್ಷೆಯನ್ನು ಹಂತ ಹಂತವಾಗಿ ಕೈಬಿಡಲು ತೀರ್ಮಾನಿಸಿತು. ಕೋವಿಡ್ ಕಾಲದಲ್ಲಿ ಅಂಗವಿಕಲ ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆಯಲು ತಕ್ಕ ವ್ಯವಸ್ಥೆ ಸಿಗುತ್ತಿಲ್ಲವೆಂಬ ಮೊಕದ್ದಮೆ 2021ರಲ್ಲಿ ರಾಜಿಯಲ್ಲಿ ಮುಗಿದಾಗ, ಅಂಕ ಕಳುಹಿಸಿದರೂ ನೋಡುವುದಿಲ್ಲ ಎಂಬ ನೀತಿ ನೆಲೆಯಾಯಿತು. ತನ್ನದೇ ಅಧ್ಯಾಪಕರು ವರ್ಷವಿಡೀ ಕೂತು ಕಂಡುಕೊಂಡದ್ದನ್ನು ಒಂದು ಸಂಸ್ಥೆ ಹೀಗೆ ಬದಿಗಿಟ್ಟದ್ದು ಈ ಚರಿತ್ರೆಯಲ್ಲಿ ನಿಂತು ನೋಡಬೇಕಾದ ಘಟ್ಟ.

ಕೋವಿಡ್ ಮತ್ತು ನಂತರ

2020ರ ವಸಂತದಲ್ಲಿ ಪರೀಕ್ಷೆಗಳು ಸಾಲು ಸಾಲಾಗಿ ರದ್ದಾದವು. ಬರೆಯಲು ಕೇಂದ್ರವೇ ಇಲ್ಲದಾಗ ಅಂಕ ಕೇಳುವುದು ಅನ್ಯಾಯವೆಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಎಂಟು ಹಳೆಯ ಖಾಸಗಿ ವಿಶ್ವವಿದ್ಯಾಲಯಗಳ ಕೂಟವಾದ ಐವಿ ಲೀಗ್ ಪೂರ್ತಿ ಪರೀಕ್ಷೆಯನ್ನು ಐಚ್ಛಿಕಗೊಳಿಸಿತು. ಕ್ಯಾಲ್‌ಟೆಕ್ ಇನ್ನೂ ಮುಂದೆ ಹೋಗಿ ಅಂಕವನ್ನು ನೋಡುವುದೇ ಇಲ್ಲ ಎಂದಿತು. ಫ್ಲಾರಿಡಾದ ಸರಕಾರಿ ವಿಶ್ವವಿದ್ಯಾಲಯಗಳು ಮಾತ್ರ ಕೋವಿಡ್ ನಡುವೆಯೂ ಅಂಕ ಕೇಳುವುದನ್ನು ಬಿಡಲಿಲ್ಲ.

ತಾತ್ಕಾಲಿಕವೆಂದು ಬಂದ ವ್ಯವಸ್ಥೆ ತನಗೆ ತಾನೇ ಒಂದು ಪ್ರಯೋಗವಾಯಿತು. ಪರೀಕ್ಷೆಯ ಗೊಡವೆ ಇಲ್ಲವೆಂದ ಮೇಲೆ ಪ್ರಸಿದ್ಧ ಸಂಸ್ಥೆಗಳಿಗೆ ಅರ್ಜಿಗಳು ಪ್ರವಾಹದಂತೆ ಬಂದವು. ಶಾಲೆಗಳ ದರ್ಜೆಗಳು ಅದೇ ಹೊತ್ತಿಗೆ ಉಬ್ಬುತ್ತಿದ್ದವು. ಎಸಿಟಿ ಸಂಸ್ಥೆಯ ಅಧ್ಯಯನದಂತೆ ಆ ಪರೀಕ್ಷೆ ಬರೆದವರ ಹೈಸ್ಕೂಲು ದರ್ಜೆಯ ಸರಾಸರಿ 2010ರಲ್ಲಿ 4ಕ್ಕೆ 3.17 ಇದ್ದದ್ದು 2021ಕ್ಕೆ 3.36 ಆಗಿತ್ತು, ಎಸಿಟಿ ಅಂಕ ಮಾತ್ರ ಏರಿರಲಿಲ್ಲ. ಎಲ್ಲರಿಗೂ ಮೇಲಿನ ದರ್ಜೆ ಸಿಕ್ಕಮೇಲೆ ಆ ದರ್ಜೆ ಯಾರನ್ನೂ ಬೇರೆಯಾಗಿ ತೋರಿಸುವುದಿಲ್ಲ. ಕರ್ನಾಟಕದಲ್ಲಿ 2021ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಗಿ, ಆ ಸಾಲಿನ ಎಂಜಿನಿಯರಿಂಗ್ ರ‍್ಯಾಂಕ್‌ಗೆ ಪಿಯುಸಿ ಅಂಕವನ್ನು ಬಿಟ್ಟು ಸಿಇಟಿ ಅಂಕವೊಂದನ್ನೇ ಹಿಡಿದದ್ದನ್ನು ನೆನೆದರೆ ಈ ಪೇಚು ಕನ್ನಡಿಗರಿಗೆ ಅಪರಿಚಿತವೇನಲ್ಲ.

ಎಂಐಟಿ 2022ರ ಮಾರ್ಚ್‌ನಲ್ಲಿ ಮೊದಲು ಹಿಂದಿರುಗಿತು. ಅದರ ಕಾರಣ ಸರಳವಾಗಿತ್ತು. ಅಲ್ಲಿ ಸಾಹಿತ್ಯ ಓದಲು ಸೇರಿದವರೂ ಎರಡು ಅವಧಿಯ ಕಲನಶಾಸ್ತ್ರ, ಕಲನಶಾಸ್ತ್ರವನ್ನು ಬಳಸುವ ಎರಡು ಅವಧಿಯ ಭೌತಶಾಸ್ತ್ರ ಮುಗಿಸಲೇಬೇಕು. ತಪ್ಪಿಸಿಕೊಳ್ಳುವ ಸುಲಭದ ದಾರಿ ಇಲ್ಲ. ಗಣಿತದ ತಳಹದಿ ಇಲ್ಲದವರನ್ನು ಒಳಗೆ ಬಿಟ್ಟರೆ ಮೊದಲ ವರ್ಷದಲ್ಲೇ ಅವರು ಕುಸಿಯುತ್ತಾರೆ. ಪ್ರವೇಶ ವಿಭಾಗದ ಮುಖ್ಯಸ್ಥ ಸ್ಟು ಶ್ಮಿಲ್ ಇನ್ನೊಂದು ಮಾತನ್ನೂ ಸೇರಿಸಿದ. ಕಲನಶಾಸ್ತ್ರದಂಥ ಮುಂದುವರಿದ ಪಾಠಗಳೇ ಇಲ್ಲದ ಶಾಲೆಯ ವಿದ್ಯಾರ್ಥಿಗೆ ತನ್ನ ಸಾಮರ್ಥ್ಯ ತೋರಿಸಲು ಉಳಿದಿರುವ ಕೆಲವೇ ದಾರಿಗಳಲ್ಲಿ ಈ ಪರೀಕ್ಷೆ ಒಂದು. ಅದನ್ನೂ ತೆಗೆದರೆ, ದುಬಾರಿ ಶಾಲೆಗಳಲ್ಲಿ ಮಾತ್ರ ಸಿಗುವ ಸಾಧನೆಗಳ ತೂಕ ಇನ್ನಷ್ಟು ಹೆಚ್ಚುತ್ತದೆ ಎಂಬುದು ಆತನ ವಾದ.

ಡಾರ್ಟ್‌ಮತ್ ಕಂಡುಕೊಂಡದ್ದು

ಎಂಐಟಿಯನ್ನು ತಾಂತ್ರಿಕ ಸಂಸ್ಥೆಯೆಂದು ಪಕ್ಕಕ್ಕಿಡಬಹುದಿತ್ತು. ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಡಾರ್ಟ್‌ಮತ್ ಕಾಲೇಜನ್ನು ಹಾಗೆ ಇಡಲಾಗಲಿಲ್ಲ. ಅರಿವಿನ ವಿಜ್ಞಾನಿಯೂ ಆದ ಅಲ್ಲಿನ ಅಧ್ಯಕ್ಷೆ ಸಿಯಾನ್ ಬೈಲಾಕ್, ಐಚ್ಛಿಕ ನೀತಿಯಿಂದ ಏನಾಯಿತೆಂದು ಪರಿಶೀಲಿಸಲು ಅದೇ ಕಾಲೇಜಿನ ನಾಲ್ವರು ಅಧ್ಯಾಪಕರನ್ನು ಕೇಳಿಕೊಂಡಳು. ಎಲಿಜಬೆತ್ ಕ್ಯಾಸಿಯೊ, ಬ್ರೂಸ್ ಸೆಸರ್‌ಡೋಟ್, ಡಗ್ಲಸ್ ಸ್ಟೈಗರ್ ಮತ್ತು ಮಿಷೆಲ್ ಟೈನ್ ಅವರ ವರದಿಯ ಆಧಾರದ ಮೇಲೆ 2024ರ ಫೆಬ್ರುವರಿ 5ರಂದು ಕಾಲೇಜು ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿತು. ಐವಿ ಲೀಗ್‌ನಲ್ಲಿ ಇದೇ ಮೊದಲು.

ಆ ವರದಿಯ ಮುಖ್ಯ ಸಂಗತಿ ಅನಿರೀಕ್ಷಿತವಾಗಿತ್ತು. ಐಚ್ಛಿಕ ನೀತಿಯಲ್ಲಿ ಅಂಕ ಬಚ್ಚಿಟ್ಟವರಲ್ಲಿ, ಕೊಟ್ಟಿದ್ದರೆ ಪ್ರವೇಶದ ಸಾಧ್ಯತೆ ಹೆಚ್ಚುತ್ತಿದ್ದ ಬಡ ವಿದ್ಯಾರ್ಥಿಗಳೂ ಇದ್ದರು. ಇದು ಹೇಗಾಯಿತೆಂಬುದನ್ನು ಬಿಡಿಸಿ ನೋಡಬೇಕು. ಕಾಲೇಜುಗಳು ತಮ್ಮಲ್ಲಿ ಸೇರಿದವರ ಸ್ಯಾಟ್ ಅಂಕಗಳ ಶ್ರೇಣಿಯನ್ನು ಪ್ರಕಟಿಸುತ್ತವೆ. ಐಚ್ಛಿಕವಾದ ಮೇಲೆ ಹೆಚ್ಚು ಅಂಕ ಬಂದವರೇ ಅಂಕ ಕಳಿಸುವುದರಿಂದ ಆ ಶ್ರೇಣಿ ಮೇಲಕ್ಕೇರುತ್ತದೆ. ಸುತ್ತಲಿನ ಯಾರೂ ಇಂಥ ಕಾಲೇಜಿಗೆ ಹೋಗಿರದ ಊರಿನಲ್ಲಿ 1400 ಪಡೆದ ಹುಡುಗಿ ಆ ಪಟ್ಟಿಯಲ್ಲಿ 1500ಕ್ಕೂ ಮೇಲಿನ ಸಂಖ್ಯೆಗಳನ್ನು ನೋಡುತ್ತಾಳೆ. ತನ್ನದು ಸಾಲದು ಎಂದುಕೊಂಡು ಅಂಕವನ್ನು ಕಳಿಸುವುದೇ ಇಲ್ಲ. ಪ್ರವೇಶ ಕಚೇರಿಯವರಿಗೋ ಅವಳ ಶಾಲೆಯ ಸರಾಸರಿ ಎಷ್ಟೆಂದು ಗೊತ್ತು. ಸಹಪಾಠಿಗಳು 900, 1000ದ ಬಳಿ ನಿಂತ ಶಾಲೆಯಲ್ಲಿ 1400 ಅಪರೂಪದ ಸಾಧನೆ. ದುಬಾರಿ ಖಾಸಗಿ ಶಾಲೆಯ 1500ಕ್ಕಿಂತ ಅದನ್ನು ಮೇಲಾಗಿ ಓದಲು ಅವರು ಸಿದ್ಧರಿದ್ದರು. ಆದರೆ ಓದಲು ಅಂಕವೇ ಇರಲಿಲ್ಲ. ಅದೇ ಖಾಸಗಿ ಶಾಲೆಯ ವಿದ್ಯಾರ್ಥಿಗೆ ಯಾವ ಅಂಕ ಕಳಿಸಬೇಕು, ಯಾವುದನ್ನು ಕಳಿಸಬಾರದು ಎಂದು ಹೇಳಲು ಸಂಬಳದ ಸಲಹೆಗಾರರಿರುತ್ತಾರೆ. ಬಡವರಿಗೆ ರಕ್ಷಣೆಯಾಗಲೆಂದು ಕೊಟ್ಟ ಆಯ್ಕೆಯನ್ನು ಚೆನ್ನಾಗಿ ಬಳಸಿಕೊಳ್ಳುವ ತಿಳಿವಳಿಕೆ ಉಳ್ಳವರ ಬಳಿಯೇ ಇತ್ತು.

ಇದೇ ಅಧ್ಯಾಪಕರಲ್ಲಿ ಇಬ್ಬರು, ಬ್ರೌನ್‌ನ ಜಾನ್ ಫ್ರೀಡ್‌ಮನ್ ಜೊತೆ ಸೇರಿ 2024ರ ಜನವರಿಯಲ್ಲಿ ಐವಿ ಲೀಗ್ ಮತ್ತು ಅದಕ್ಕೆ ಸಮನಾದ ಕಾಲೇಜುಗಳ ದಾಖಲೆಗಳನ್ನು ಪರಿಶೀಲಿಸಿ ಇನ್ನೊಂದು ಲೇಖನ ಪ್ರಕಟಿಸಿದ್ದರು. ಸ್ಯಾಟ್‌ನಲ್ಲಿ 1600 ಪಡೆದವರು 1200 ಪಡೆದವರಿಗಿಂತ ಕಾಲೇಜಿನ ಮೊದಲ ವರ್ಷ 4ಕ್ಕೆ 0.43ರಷ್ಟು ಹೆಚ್ಚು ದರ್ಜೆ ಗಳಿಸುತ್ತಿದ್ದರು. ಹೈಸ್ಕೂಲಿನಲ್ಲಿ 4.0 ಮತ್ತು 3.2 ದರ್ಜೆ ಪಡೆದವರ ನಡುವಿನ ಅಂತರ ಕಾಲೇಜಿಗೆ ಬಂದಾಗ 0.1ಕ್ಕಿಂತ ಕಡಿಮೆಯಾಗಿತ್ತು. ಒಂದೇ ಅಂಕ ಪಡೆದ ಬಡ ಮತ್ತು ಶ್ರೀಮಂತ ವಿದ್ಯಾರ್ಥಿಗಳು ಕಾಲೇಜಿನಲ್ಲಿ ಸರಿಸುಮಾರು ಒಂದೇ ರೀತಿ ಓದುತ್ತಿದ್ದರು. ಬಡವರ ಅಂಕ ಅವರ ನಿಜವಾದ ಶಕ್ತಿಗಿಂತ ಕಡಿಮೆ ತೋರಿಸುತ್ತದೆ ಎಂಬ ನಂಬಿಕೆಗೆ ಕನಿಷ್ಠ ಈ ಕಾಲೇಜುಗಳಲ್ಲಿ ಆಧಾರ ಸಿಗಲಿಲ್ಲ. ಹಿಸ್‌ನ 33 ಸಂಸ್ಥೆಗಳ ಚಿತ್ರಕ್ಕೂ ಇದಕ್ಕೂ ವಿರೋಧವಿದ್ದೇ ತೀರಬೇಕೆಂದಿಲ್ಲ. ಅಂಕವನ್ನು ಮೊದಲಿನಿಂದ ಐಚ್ಛಿಕವಾಗಿಟ್ಟ ಸಂಸ್ಥೆಗಳ ಸ್ವಭಾವ ಬೇರೆ, ನೂರಕ್ಕೆ ನಾಲ್ಕೈದು ಜನರನ್ನು ಮಾತ್ರ ಸೇರಿಸಿಕೊಳ್ಳುವ ಸಂಸ್ಥೆಗಳ ಸ್ವಭಾವ ಬೇರೆ.

ಚೆಟ್ಟಿ, ಡೇವಿಡ್ ಡೆಮಿಂಗ್ ಮತ್ತು ಫ್ರೀಡ್‌ಮನ್ 2023ರಲ್ಲಿ ಪ್ರಕಟಿಸಿದ ಅಧ್ಯಯನ ಈ ಚಿತ್ರಕ್ಕೆ ಚೌಕಟ್ಟು ಒದಗಿಸಿತು. ಒಂದೇ ಸ್ಯಾಟ್ ಅಂಕವಿದ್ದರೂ ಅತಿ ಶ್ರೀಮಂತರ ಮಕ್ಕಳು ಈ ಕಾಲೇಜುಗಳಿಗೆ ಸೇರುವ ಸಾಧ್ಯತೆ ಮಧ್ಯಮ ವರ್ಗದವರದಕ್ಕಿಂತ ಎರಡು ಪಟ್ಟು ಹೆಚ್ಚಿತ್ತು. ಕಾರಣಗಳು ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಸಿಗುವ ಆದ್ಯತೆ, ಕ್ರೀಡಾ ಪ್ರವೇಶ ಮತ್ತು ಪಠ್ಯೇತರ ಚಟುವಟಿಕೆಗಳಿಗೆ ಸಿಗುವ ತೂಕ. ಪರೀಕ್ಷೆಯ ಅಂಕ ಹಣವಂತರ ಕಡೆ ವಾಲುತ್ತದೆ ಎಂಬುದು ನಿಜ. ಕಡತದ ಉಳಿದ ಹಾಳೆಗಳು ಇನ್ನೂ ಹೆಚ್ಚು ವಾಲುತ್ತವೆ. ಈ ಲೇಖನದ ದೃಷ್ಟಿಯಲ್ಲಿ ಇಡೀ ವಾದದ ಗಟ್ಟಿ ನೆಲ ಇದು.

ಹಿಂಬಾಲಿಸಿದವರು

ಡಾರ್ಟ್‌ಮತ್ ನಂತರ ಯೇಲ್, ಬ್ರೌನ್ ಬೇಗ ಬೇಗ ಬಂದವು. ಯೇಲ್ ಮಧ್ಯದ ದಾರಿ ಹಿಡಿಯಿತು. ಸ್ಯಾಟ್, ಎಸಿಟಿ ಬೇಡವೆಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಅಥವಾ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್ ಪರೀಕ್ಷೆಯ ಅಂಕವಾದರೂ ಬೇಕು ಎಂದಿತು. ಏಪ್ರಿಲ್ 11ರಂದು ಹಾರ್ವರ್ಡ್ ಮತ್ತು ಕ್ಯಾಲ್‌ಟೆಕ್ ಒಂದೇ ದಿನ ಘೋಷಣೆ ಮಾಡಿದವು. ಹಾರ್ವರ್ಡ್ ಇನ್ನೂ ಕೆಲವು ವರ್ಷ ಐಚ್ಛಿಕವಾಗಿ ಉಳಿಸುವುದಾಗಿ ಹೇಳಿದ್ದ ಮಾತನ್ನು ಬದಲಿಸಿತು. ಅಂಕವನ್ನು ನೋಡುವುದೇ ಇಲ್ಲ ಎಂದಿದ್ದ ಕ್ಯಾಲ್‌ಟೆಕ್‌ನಲ್ಲಿ ಹೊಸ ವಿದ್ಯಾರ್ಥಿಗಳ ಸಿದ್ಧತೆಯ ಬಗ್ಗೆ ಅಧ್ಯಾಪಕರೇ ದನಿ ಎತ್ತಿದ್ದರು. ಕಾರ್ನೆಲ್, ಸ್ಟ್ಯಾನ್‌ಫರ್ಡ್, ಜಾನ್ಸ್ ಹಾಪ್ಕಿನ್ಸ್‌ಗಳ ನಿಯಮ 2026ರಲ್ಲಿ ಸೇರುವವರಿಂದ ಜಾರಿಗೆ ಬಂತು.

ಪರೀಕ್ಷೆಗೆ ಮರಳಿದ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದ್ದು ಮುಖ್ಯ ಉದಾಹರಣೆ. ರಾಜ್ಯದ ಪ್ರತಿ ಹೈಸ್ಕೂಲಿನ ಮೇಲಿನ ಕೆಲವು ಶೇಕಡಾ ವಿದ್ಯಾರ್ಥಿಗಳಿಗೆ ನೇರ ಪ್ರವೇಶ ಕೊಡುವ ಕಾನೂನು ಅಲ್ಲಿದೆ. ಹಾಗಾಗಿ ಪರೀಕ್ಷೆ ಅಲ್ಲಿ ಪ್ರವೇಶಕ್ಕಷ್ಟೇ ಅಲ್ಲ, ಯಾವ ವಿಭಾಗಕ್ಕೆ ಹಾಕಬೇಕು, ಯಾರಿಗೆ ಹೆಚ್ಚಿನ ನೆರವು ಬೇಕು ಎಂದು ತಿಳಿಯಲೂ ಬೇಕಿತ್ತು. ಅಂಕವನ್ನು ಪರಿಗಣಿಸಿ ಎಂದವರ ಸ್ಯಾಟ್ ಮಧ್ಯಮಾಂಕ 1420, ಬೇಡವೆಂದವರದು 1160. 2023ರಲ್ಲಿ ಸೇರಿದವರಲ್ಲಿ, ಇತರ ವ್ಯತ್ಯಾಸಗಳನ್ನು ಸರಿದೂಗಿಸಿ ನೋಡಿದಾಗಲೂ, ಅಂಕವನ್ನು ಪರಿಗಣಿಸಿ ಎಂದವರ ಮೊದಲ ಅವಧಿಯ ದರ್ಜೆ 0.86ರಷ್ಟು ಹೆಚ್ಚಿರುವ ಅಂದಾಜು ಸಿಕ್ಕಿತು.

ಈ ವರ್ಷಗಳಲ್ಲೇ ಇನ್ನೊಂದು ದೊಡ್ಡ ಬದಲಾವಣೆ ನಡೆಯಿತು. 2023ರ ಜೂನ್ 29ರಂದು ಅಮೆರಿಕದ ಸುಪ್ರೀಂ ಕೋರ್ಟು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದನ್ನು ಬಹುಮಟ್ಟಿಗೆ ನಿಷೇಧಿಸಿತು. ಎಂಐಟಿಯಲ್ಲಿ ಹೊಸದಾಗಿ ಸೇರಿದವರಲ್ಲಿ ಕಪ್ಪು ವಿದ್ಯಾರ್ಥಿಗಳ ಪಾಲು ಹಿಂದಿನ ವರ್ಷಗಳ ಸರಾಸರಿ ಶೇ. 13ರಿಂದ 2024ರಲ್ಲಿ ಶೇ. 5ಕ್ಕೆ ಇಳಿಯಿತು. ಇದಕ್ಕೆ ಕೋರ್ಟಿನ ತೀರ್ಪೇ ಕಾರಣವೆಂದು ಸಂಸ್ಥೆ ಹೇಳಿತು. ಪರೀಕ್ಷೆ ಮರಳಿದ ಮೇಲಿನ ಮೊದಲ ತರಗತಿಯಲ್ಲಿ ಇಂಥ ಇಳಿಕೆ ಆಗಿರಲಿಲ್ಲ. ಆದರೆ ಎರಡೂ ಬದಲಾವಣೆಗಳು ಒಟ್ಟಿಗೇ ಬಂದ ಸಂಸ್ಥೆಗಳಲ್ಲಿ ಒಂದರ ಪರಿಣಾಮವನ್ನು ಇನ್ನೊಂದರಿಂದ ಬೇರ್ಪಡಿಸುವುದು ಸುಲಭವಲ್ಲ. ಅರ್ಜಿಗಳ ಸಂಖ್ಯೆಯ ಮೇಲಿನ ಪರಿಣಾಮ ಮಾತ್ರ ಸ್ಪಷ್ಟ. ಯೇಲ್‌ಗೆ ಬಂದ ಅರ್ಜಿಗಳು ಒಂದೇ ವರ್ಷದಲ್ಲಿ 57,000ದ ಮೇಲಿನಿಂದ ಸುಮಾರು 50,000ಕ್ಕೆ ಇಳಿದವು.

2025ರಲ್ಲಿ ವಿಷಯಕ್ಕೆ ರಾಜಕೀಯದ ಬಣ್ಣವೂ ಬಂತು. ಅಕ್ಟೋಬರ್‌ನಲ್ಲಿ ಟ್ರಂಪ್ ಆಡಳಿತ ಒಂಬತ್ತು ವಿಶ್ವವಿದ್ಯಾಲಯಗಳ ಮುಂದಿಟ್ಟ ಒಪ್ಪಂದದ ಹಲವು ಷರತ್ತುಗಳಲ್ಲಿ ಪ್ರವೇಶ ಪರೀಕ್ಷೆಯ ಕಡ್ಡಾಯವೂ ಒಂದು. ಅದನ್ನು ಮೊದಲು ತಿರಸ್ಕರಿಸಿದ್ದು ಎಂಐಟಿ. ಮೂರು ವರ್ಷ ಮೊದಲೇ ತಾನಾಗಿ ಪರೀಕ್ಷೆಯನ್ನು ಮರಳಿ ತಂದಿದ್ದ ಸಂಸ್ಥೆ ಅದು. ಬ್ರೌನ್, ಪೆನ್ಸಿಲ್ವೇನಿಯಾ, ಡಾರ್ಟ್‌ಮತ್ ಕೂಡ ಒಪ್ಪಲಿಲ್ಲ. ಸ್ವಂತ ಅಧ್ಯಯನದಿಂದ ಒಂದು ನಿರ್ಧಾರಕ್ಕೆ ಬರುವುದಕ್ಕೂ ಅದನ್ನೇ ಸರಕಾರದ ಷರತ್ತಾಗಿ ಒಪ್ಪಿಕೊಳ್ಳುವುದಕ್ಕೂ ಇರುವ ದೂರವನ್ನು ಈ ಸಂಸ್ಥೆಗಳು ಬಿಟ್ಟುಕೊಡಲಿಲ್ಲ. ಅದೇ ತಿಂಗಳು ಪ್ರಿನ್ಸ್‌ಟನ್ 2027–28ರ ಪ್ರವೇಶ ಸುತ್ತಿನಿಂದ ಪರೀಕ್ಷೆ ಕಡ್ಡಾಯವೆಂದು ಪ್ರಕಟಿಸಿತು. ಸೇನೆಯಲ್ಲಿ ಸೇವೆಯಲ್ಲಿರುವ ಅರ್ಜಿದಾರರಿಗೆ ವಿನಾಯಿತಿ ಕೊಟ್ಟಿತು.

ಉಳಿದಿರುವ ಆಕ್ಷೇಪಗಳು

ಐಚ್ಛಿಕ ನೀತಿಯ ಪರ ಇರುವವರು ಈ ಅಧ್ಯಯನಗಳೆಲ್ಲ ಕೈಬೆರಳೆಣಿಕೆಯ ಸಂಸ್ಥೆಗಳವು ಎನ್ನುತ್ತಾರೆ, ಅದು ಸರಿಯಾದ ಮಾತು. ಅಂಕವನ್ನು ಶಾಲೆಯ ಹಿನ್ನೆಲೆಯಲ್ಲಿಟ್ಟು ಓದಲು ಓದುವ ಜನ ಬೇಕು, ಸಮಯ ಬೇಕು. ಹಾರ್ವರ್ಡ್‌ಗೆ ಅದು ಸಾಧ್ಯ, ಲಕ್ಷಗಟ್ಟಲೆ ಅರ್ಜಿ ಬರುವ ಸರಕಾರಿ ವಿಶ್ವವಿದ್ಯಾಲಯಕ್ಕೆ ಕಷ್ಟ. ಪರೀಕ್ಷಾ ಕೇಂದ್ರ ಹತ್ತಿರ ಸಿಗದ ವಿದ್ಯಾರ್ಥಿ ದೂರದ ಊರಿಗೆ ಹೋಗಿ ಬರೆಯಬೇಕು. ಬಡವರಿಗೆ ಶುಲ್ಕ ವಿನಾಯಿತಿ ಇದೆ, 2015ರಿಂದ ಖಾನ್ ಅಕಾಡೆಮಿಯ ಉಚಿತ ತರಬೇತಿಯೂ ಇದೆ. ಆದರೂ ಒಬ್ಬೊಬ್ಬರಿಗೇ ಕೂತು ಹೇಳಿಕೊಡುವ ಶಿಕ್ಷಕನಿಗೆ ಅದು ಸಮವಲ್ಲ. ಕಡ್ಡಾಯವೆಂದೊಡನೆ ಅರ್ಜಿ ಹಾಕುವ ಧೈರ್ಯವನ್ನೇ ಬಿಡುವವರಿದ್ದಾರೆ ಎಂಬ ಅಳುಕು ಡಾರ್ಟ್‌ಮತ್‌ನ ವಾದದಿಂದ ಪೂರ್ತಿ ಕರಗುವುದಿಲ್ಲ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ತನ್ನ ನೀತಿಯನ್ನು ಬದಲಿಸದಿದ್ದರೂ ಒಳಗಿನಿಂದ ಪ್ರಶ್ನೆ ಎದ್ದಿದೆ. ಸ್ಯಾನ್ ಡಿಯಾಗೊ ಅಂಗಳದ ಕಾರ್ಯತಂಡವೊಂದು 2025ರ ನವೆಂಬರ್‌ನಲ್ಲಿ ಹೊರತಂದ ವರದಿಯಂತೆ, ಹೈಸ್ಕೂಲು ಮಟ್ಟದ ಗಣಿತವೂ ಬಾರದೆ ಸೇರುವವರ ಸಂಖ್ಯೆ 2020ರಿಂದ 2025ರೊಳಗೆ ಸುಮಾರು 30 ಪಟ್ಟು ಏರಿದೆ. ಕೋವಿಡ್ ಕಾಲದ ಕಲಿಕೆಯ ನಷ್ಟ, ಶಾಲೆಗಳ ಉಬ್ಬಿದ ದರ್ಜೆ, ಹಿಂದುಳಿದ ಶಾಲೆಗಳಿಂದ ಹೆಚ್ಚಿದ ಪ್ರವೇಶ, ಪರೀಕ್ಷೆಯಿಲ್ಲದಿರುವುದು ಎಲ್ಲವನ್ನೂ ವರದಿ ಕಾರಣಗಳ ಸಾಲಿನಲ್ಲಿ ಇಟ್ಟಿದೆ. ಪರೀಕ್ಷೆಯ ಪ್ರಶ್ನೆಯನ್ನು ವಿಶ್ವವಿದ್ಯಾಲಯ ಮತ್ತೆ ಕೈಗೆತ್ತಿಕೊಳ್ಳಬೇಕೆಂದು ಸೂಚಿಸಿದೆ.

ಹೊರದೇಶದ ಅರ್ಜಿದಾರರು

ಭಾರತದಿಂದ ಅರ್ಜಿ ಹಾಕುವವರಿಗೂ ಕಡ್ಡಾಯದ ನಿಯಮ ಅನ್ವಯಿಸುತ್ತದೆ. ಹೊರದೇಶಗಳಲ್ಲಿ ಸ್ಯಾಟ್ 2023ರ ಮಾರ್ಚ್‌ನಿಂದಲೇ ಕಂಪ್ಯೂಟರಿಗೆ ಬದಲಾಗಿತ್ತು. ಬೆಂಗಳೂರಿನ ಇಂಟರ್‌ನ್ಯಾಷನಲ್ ಶಾಲೆಗಳ ವಿದ್ಯಾರ್ಥಿಗಳು ಇದಕ್ಕೆ ಹತ್ತನೆಯ ತರಗತಿಯಿಂದಲೇ ಸಿದ್ಧರಾಗುವುದುಂಟು. ರಾಜ್ಯ ಪಠ್ಯಕ್ರಮದಲ್ಲಿ ಓದಿದವರಿಗೆ ಇದರ ಗಣಿತ ಹೊಸದೆನಿಸುವುದಿಲ್ಲ, ತೊಡಕಾಗುವುದು ಇಂಗ್ಲಿಷ್ ಓದಿನ ಭಾಗ. ಸಿಬಿಎಸ್‌ಇ, ಐಸಿಎಸ್‌ಇ, ರಾಜ್ಯ ಬೋರ್ಡುಗಳ ಶೇಕಡಾವಾರು ಅಂಕಗಳನ್ನು ಒಂದರೊಡನೆ ಒಂದು ಹೋಲಿಸುವುದು ಅಮೆರಿಕದ ಪ್ರವೇಶ ಕಚೇರಿಗೆ ಕಷ್ಟ. ಧಾರವಾಡದ ಪಿಯು ಕಾಲೇಜಿನ ಹೆಸರನ್ನು ಅಲ್ಲಿ ಯಾರೂ ಕೇಳಿರುವುದಿಲ್ಲ. ಸ್ಯಾಟ್‌ನ ಒಂದು ಸಂಖ್ಯೆ ಅಂಥ ವಿದ್ಯಾರ್ಥಿಯನ್ನು ಅವರಿಗೆ ಅರ್ಥವಾಗುವ ಅಳತೆಗೆ ತರುತ್ತದೆ. ಡಾರ್ಟ್‌ಮತ್ ತನ್ನ ಹೊಸ ನಿಯಮದಲ್ಲಿ ಹೊರದೇಶದ ಶಾಲೆಗಳಿಂದ ಬರುವವರಿಗೆ ಸ್ಯಾಟ್, ಎಸಿಟಿಗಳ ಬದಲು ಬ್ರಿಟನ್‌ನ ಎ-ಲೆವೆಲ್, ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್ ಅಥವಾ ಅದಕ್ಕೆ ಸಮನಾದ ರಾಷ್ಟ್ರೀಯ ಪರೀಕ್ಷೆಯ ಫಲಿತಾಂಶ ಸಲ್ಲಿಸುವ ಅವಕಾಶವನ್ನೂ ಇಟ್ಟಿದೆ.